ಮದುವೆ ಮನೆಯಲ್ಲಿ ಅಕ್ಕನ ಕಿಡ್ನಿ

ಫ್ಲೂ ಬರಬಹುದಿತ್ತು. ಬಂದ ಫ್ಲೂ ನ್ಯುಮೋನಿಯಾಕ್ಕೆ ತಿರುಗಬಹುದಿತ್ತು. ಕೋವಿಡ್ಡು, ಹೇಳದೆ ಕೇಳದೆ ಬರುವ ನೆಂಟನ ಹಾಗೆ ಇನ್ನೊಂದು ಸುತ್ತು ಬಂದು ಹೊರಡುವ ಮಾತೇ ಆಡದೆ ಕೂರಬಹುದಿತ್ತು. ಯಾವುದೋ ಮಗುವಿಗೆ ನಾಳಿದ್ದು ಸಿಡುಬಿನ ಅಮ್ಮ ಏಳಬೇಕು, ಆ ಮಗು ಇವತ್ತೇ ಬಂದು ನನ್ನ ತೊಡೆಯೇರಿ ಕೂರಬಹುದಿತ್ತು. ಸೀತಾಳೆ ಸಿಡುಬು ನನಗೆ ಚಿಕ್ಕಂದಿನಲ್ಲೇ ಆಗಿಹೋಗಿದ್ದರೆ, ಈಗ ಅದು ಸರ್ಪಸುತ್ತಾಗಿ ಸೊಂಟ ಸುತ್ತಬಹುದಿತ್ತು. ಛತ್ರದ ನೀರು ಕುಡಿದು ಕಾಮಾಲೆ ಹತ್ತಬಹುದಿತ್ತು. ಕೈತೊಳೆಯುವ ಜಾಗದ ಹಿಂದಿನ ಚರಂಡಿಯ ಸೊಳ್ಳೆಯೊಂದು ಎಂಟುನೂರು ಜನರಲ್ಲಿ ನನ್ನನ್ನೇ ಹುಡುಕಿಕೊಂಡು ಬಂದು ಡೆಂಗಿ ಕೊಡಬಹುದಿತ್ತು. ಸೈಟೊಮೆಗಲೊ ಅನ್ನುವ ವೈರಸ್ಸು ಏಳಬಹುದಿತ್ತು. ಬಿ.ಕೆ. ಅನ್ನುವ, ಕೇಳಿದರೆ ಹಳೇ ಹೆಡ್‌ಮಾಸ್ಟರೊಬ್ಬರ ಇನಿಷಿಯಲ್ ಅನ್ನಿಸುವ ಇನ್ನೊಂದು ವೈರಸ್ಸು, ನನ್ನೊಳಗಿನ ಒಂದೇ ಒಂದು ಒಳ್ಳೆ ಕಿಡ್ನಿಯ ಒಳಗೇ ಕೂತು ಅದನ್ನು ಹಾಳು ಮಾಡಬಹುದಿತ್ತು.

ಇಷ್ಟನ್ನೂ ನಾನು ಅಕ್ಕನ ಮಗಳ ಮದುವೆಗೆ ಮೂರು ವಾರ ಮುಂಚೆ ಒಂದು ನೋಟ್‌ಬುಕ್ಕಿನ ಕಡೇ ಪುಟದಲ್ಲಿ ನಂಬರು ಹಾಕಿ ಬರೆದಿದ್ದೆ. ಸರಸ್ವತಿಪುರಂನ ಟ್ಯುಟೋರಿಯಲ್ ಒಂದರಲ್ಲಿ ಪಿಯುಸಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವವನು ನಾನು. ಯಾವುದನ್ನೂ ನಂಬರು ಹಾಕದೆ ಹೆದರಿಕೊಳ್ಳಲು ಬರುವುದಿಲ್ಲ.

ಕಿಡ್ನಿ ಅಕ್ಕನದು. ಎರಡು ವರ್ಷ ಡಯಾಲಿಸಿಸ್ ಕುರ್ಚಿಯಲ್ಲಿ ಕೂತು ಕೂತು ನಾನು ಒಣಗಿದ ಹಾಗಲಕಾಯಿ ಆಗಿದ್ದಾಗ, ನಜರ್‌ಬಾದಿನಿಂದ ಆಟೋ ಹತ್ತಿ ಬಂದು, ಕಾಫಿ ಕುಡಿಯುತ್ತಾ, "ನಂದು ಮ್ಯಾಚ್ ಆಗ್ತದಂತೆ, ಟೆಸ್ಟ್ ಮಾಡಿಸ್ಕೊಂಡು ಬಂದೆ" ಅಂದಳು. ಬೇಳೆ ಹೆಚ್ಚಾಗಿದೆ, ಒಂದು ಡಬ್ಬಿ ಇಟ್ಟುಕೋ ಅನ್ನುವ ದನಿ. ನಾನು ಬೇಡ ಅಂದೆ. "ನಿನ್ನ ಕೇಳಿದ್ನಾ?" ಅಂದಳು. ಆಪರೇಷನ್ ಆಯಿತು. ಅವಳ ಕಿಡ್ನಿ ಈಗ ನನ್ನ ಹೊಟ್ಟೆಯ ಬಲಗಡೆ, ಪ್ಯಾಂಟಿನ ಜೇಬಿಗಿಂತ ಸ್ವಲ್ಪ ಮೇಲೆ ಇದೆ.

ಕಿಡ್ನಿ ಬಂತು ಅಂದರೆ ಮುಗಿಯಿತು ಅಂದುಕೊಂಡಿದ್ದೆ. ಆಸ್ಪತ್ರೆಯಿಂದ ಹೊರಡುವ ದಿನ ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ನನ್ನ ಮೈಗೆ ಆ ಕಿಡ್ನಿ ಹೊರಗಿನದು. ಅದನ್ನು ಒದ್ದೋಡಿಸಲು ಮೈಯ ಕಾವಲುಗಾರರು ಕಾದಿರುತ್ತಾರೆ. ಅವರನ್ನು ಮಂಕು ಮಾಡಲಿಕ್ಕೇ ಬೆಳಿಗ್ಗೆ ಸಂಜೆ ಮಾತ್ರೆ. ಕಾವಲುಗಾರರು ಮಂಕಾದರೆ ಕಿಡ್ನಿ ಉಳಿಯುತ್ತದೆ, ಆದರೆ ವೈರಸ್ಸುಗಳಿಗೂ ಬಾಗಿಲು ತೆರೆಯುತ್ತದೆ. ವೈರಸ್ಸು ಜಾಸ್ತಿಯಾಯಿತು ಅಂತ ಮಾತ್ರೆ ಇಳಿಸಿದರೆ ಮೈ ಕಿಡ್ನಿಯ ಮೇಲೆ ಬೀಳುತ್ತದೆ. ಅತ್ತ ದರಿ, ಇತ್ತ ಪುಲಿ. "ಮೊದಲನೇ ವರ್ಷ ಹುಷಾರು" ಅಂದರು. ಹುಟ್ಟಿದಾಗಿನಿಂದ ಹುಷಾರಾಗಿಯೇ ಇರುವವನಿಗೆ ಈ ಮಾತು ಹೇಳಬಾರದಿತ್ತು.

ಮೈಸೂರಿನಲ್ಲಿ ಯಾರಿಗೆ ಜ್ವರ ಬಂದರೂ ಡಾಕ್ಟರ ಹತ್ತಿರ ಹೋಗಿ ಬಂದು ಹೇಳುವುದು ಒಂದೇ ಮಾತು: "ಏನಿಲ್ಲ, ವೈರಲ್ ಅಷ್ಟೆ." ಈ "ಅಷ್ಟೆ" ಕೇಳಿದಾಗಲೆಲ್ಲ ನನ್ನ ಕೈ ಹೊಟ್ಟೆಯ ಬಲಗಡೆಗೆ ಹೋಗುತ್ತದೆ.

ಆದರೆ ವೈರಸ್ಸಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಪ್ರೀತಿ. ನಮ್ಮ ಕಡೆ ಒಬ್ಬರಿಗೆ ಹುಷಾರಿಲ್ಲ ಅಂದರೆ ವಿಚಾರಿಸಿಕೊಂಡು ಬರುವುದು ಋಣ. ದೊಡ್ಡ ಕಾಯಿಲೆಯಾದಷ್ಟೂ ಹತ್ತಿರ ಕೂರಬೇಕು. ಆಪರೇಷನ್ ಆದ ಮೂರನೇ ವಾರವೇ ನೆಂಟರು ಸೇಬು, ಮೂಸಂಬಿ ಹಿಡಿದು ಬರತೊಡಗಿದರು. ಹೆಂಡತಿ ಗೇಟಿನಲ್ಲೇ ನಿಂತು ಕೈಮುಗಿದು ತಡೆಯುತ್ತಿದ್ದಳು. ಆದರೂ ಒಬ್ಬಾಕೆ ಹಿತ್ತಲ ಬಾಗಿಲಿನಿಂದ ಬಂದು ಮಂಚದ ತುದಿಯಲ್ಲಿ ಕೂತು, ನನ್ನ ಕೆನ್ನೆ ಸವರಿ, "ಎರಡು ದಿನದಿಂದ ನೆಗಡಿ ಕಣಪ್ಪ, ಆದ್ರೂ ನಿನ್ನ ನೋಡ್ದೆ ಇರಕ್ಕಾಗ್ಲಿಲ್ಲ" ಅಂದರು. ಆಮೇಲೆ ಹೊಲಿಗೆ ತೋರಿಸು ಅಂದರು. ಆಕೆ ಹೋದ ಮೇಲೆ ಆ ಹಾಸಿಗೆ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿಸಿದೆ. ನಾನೂ ಅದೇ ನೀರಿಗೆ ಇಳಿಯುವವನಿದ್ದೆ, ಹೆಂಡತಿ ಬಿಡಲಿಲ್ಲ.

ಹನ್ನೊಂದು ತಿಂಗಳು ಹೀಗೇ ಕಳೆಯಿತು. ಪಾಠವೆಲ್ಲ ಫೋನಿನ ಮುಂದೆ. ತರಕಾರಿಗೂ ಸೋಪಿನ ಸ್ನಾನ. ಅಷ್ಟರಲ್ಲಿ ಅಕ್ಕನ ಒಬ್ಬಳೇ ಮಗಳ ಮದುವೆ ಗೊತ್ತಾಯಿತು.

ಅಕ್ಕ ಪತ್ರಿಕೆ ಕೊಡಲು ಬಂದಳು. ಮಾಸ್ಕ್ ಹಾಕಿಕೊಂಡು, ವರಾಂಡದಲ್ಲೇ ನಿಂತು, ಹೆಂಡತಿಗೆ ಕುಂಕುಮ ಕೊಟ್ಟು, ನನಗೆ ಪತ್ರಿಕೆ ಚಾಚಿದಳು.

"ಇದು ಶಾಸ್ತ್ರಕ್ಕೆ ಕೊಡ್ತಾ ಇರೋದು ಕಣೋ. ನೀನು ಬರಂಗಿಲ್ಲ."

"ಅಂದ್ರೆ?"

"ಕರೀತಾ ಇರೋದು ನಿನ್ನ ಹೆಂಡ್ತೀನ. ನೀನು ಫೋನಲ್ಲಿ ನೋಡು. ಲೈವ್ ಬರ್ತದೆ, ಪತ್ರಿಕೆ ಹಿಂದುಗಡೆ ಚೌಕ ಪ್ರಿಂಟ್ ಹಾಕ್ಸಿದೀವಲ್ಲ, ಅದನ್ನ ಸ್ಕ್ಯಾನ್ ಮಾಡು."

"ಸೋದರಮಾವ ಇಲ್ದೆ ಹೆಣ್ಣನ್ನ ಮಂಟಪಕ್ಕೆ ಯಾರು ಕರ್ಕೊಂಡು ಬರ್ತಾರೆ?"

"ಚಿಕ್ಕಪ್ಪನ ಮಗನಿಗೆ ಹೇಳಿದೀನಿ. ಒಪ್ಕೊಂಡವ್ನೆ."

ಚಿಕ್ಕಪ್ಪನ ಮಗ ಒಳ್ಳೆಯವನು. ವರ್ಷದ ಹನ್ನೆರಡು ತಿಂಗಳೂ ಕೆಮ್ಮುತ್ತಾನೆ, ಕೆಮ್ಮುವಾಗ ಆಕಾಶ ನೋಡುತ್ತಾನೆ. ಅವನು ನನ್ನ ಜಾಗದಲ್ಲಿ ಜರಿಪಂಚೆ ಉಟ್ಟು ಆ ಹುಡುಗಿಯ ಕೈ ಹಿಡಿದು ಬರುವುದನ್ನು ನಾನು ಅಂಗೈಯಷ್ಟು ಗಾಜಿನಲ್ಲಿ ನೋಡಬೇಕು. ಆ ಹುಡುಗಿಗೆ ಸೈಕಲ್ ಕಲಿಸಿದವನು ನಾನು. ಅಂದರೆ ಅವಳು ಬಿದ್ದಾಳು ಅಂತ ಹೆದರಿ ಆರು ತಿಂಗಳು ಸೀಟು ಬಿಡದೆ ಹಿಂದೆ ಓಡಿದವನು.

"ನಾನು ಬರ್ತೀನಿ" ಅಂದೆ.

ಅಕ್ಕ ನನ್ನನ್ನು ಒಂದು ಹೊಸ ಪ್ರಾಣಿ ನೋಡುವ ಹಾಗೆ ನೋಡಿದಳು. ನಾನು ಅಲ್ಲಿಯವರೆಗೆ ಯಾವತ್ತೂ ಎಲ್ಲಿಗೂ ಬರುತ್ತೇನೆ ಅಂದವನಲ್ಲ. ಕರೆದರೆ ಮಳೆ ಬರುತ್ತೇನೋ ಅಂದವನು.

"ಲೋ, ಅದು ನನ್ನ ಕಿಡ್ನಿ. ಎಂಟುನೂರು ಜನದ ಮಧ್ಯೆ ಅದನ್ನ ತಗೊಂಡು ಬಂದು ಕೆಡಿಸ್ಬುಟ್ರೆ, ಇನ್ನೊಂದು ಕೊಡಕ್ಕೆ ನನ್ಹತ್ರ ಇಲ್ಲ."

"ಕೊಟ್ಟಾಯ್ತಲ್ಲ. ಈಗ ನಂದು. ನಾನು ಎಲ್ಲಿಗೆ ಹೋಗ್ತೀನೋ ಅಲ್ಲಿಗೆ ಬರುತ್ತೆ."

ಹೆಂಡತಿ ಒಳಗೆ ಹೋಗಿಬಿಟ್ಟಳು. ಅಕ್ಕ ಪತ್ರಿಕೆಯನ್ನು ಕುರ್ಚಿಯ ಮೇಲಿಟ್ಟು ಹೋದಳು. ಎರಡು ದಿನ ಫೋನು ಮಾಡಲಿಲ್ಲ.

ಧೈರ್ಯವಾಗಿ ಮಾತಾಡಿಬಿಟ್ಟಿದ್ದೆ. ಆಮೇಲೆಯೇ ಆ ನೋಟ್‌ಬುಕ್ಕಿನ ಪುಟ ಬರೆದದ್ದು. ಅಕ್ಕ ಹೇಳಿದ್ದು ಸುಳ್ಳಲ್ಲ. ಇದು ನನ್ನ ಒಬ್ಬನ ಜೂಜಾಗಿದ್ದರೆ ಬೇರೆ. ಕೆಟ್ಟರೆ ಕೆಡುವುದು ಅವಳ ಅಂಗ. ಅವಳ ಪಕ್ಕೆಯಲ್ಲಿ ಆಪರೇಷನ್ನಿನ ಗೀರು ಮಾತ್ರ ದಂಡಕ್ಕೆ ಉಳಿಯುತ್ತದೆ. ಇದನ್ನೆಲ್ಲ ಎರಡು ರಾತ್ರಿ ಯೋಚಿಸಿ ಪಟ್ಟಿ ತೆಗೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಓದಿ ಕನ್ನಡಕ ತೆಗೆದರು.

"ಹೋಗಬೇಡಿ ಅಂತ ನಾನು ಹೇಳಲಿ ಅಂತ ಬಂದಿದೀರೋ, ಹೋಗಿ ಅನ್ನಲಿ ಅಂತ ಬಂದಿದೀರೋ?"

"ಮೇಡಂ, ನಾನಂತೂ ಹೋಗೋನೇ. ಏನೇನು ಮಾಡಬೇಕು ಅಂತ ಕೇಳಕ್ಕೆ ಬಂದೆ."

ಈ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಅವರಿಗಿಂತ ನನಗೇ ಹೆಚ್ಚು ಆಶ್ಚರ್ಯವಾಯಿತು. ಅವರು ಹೊಸ ರಕ್ತಪರೀಕ್ಷೆ ಮಾಡಿಸಿ ನೋಡಿದರು. ಫ್ಲೂ ಇಂಜೆಕ್ಷನ್ ಮುಂಚೆಯೇ ಆಗಿತ್ತು. ಸಿಡುಬು ನನಗೆ ಹಿಂದೆ ಯಾವಾಗಲೋ ಆಗಿಹೋಗಿದೆ ಅಂತ ಆಪರೇಷನ್ನಿಗೆ ಮುಂಚಿನ ರಿಪೋರ್ಟೇ ಹೇಳುತ್ತಿತ್ತು. ಪಟ್ಟಿಯಲ್ಲಿ ತೊಡೆಯೇರುವ ಮಗುವನ್ನು ಅವರೇ ಪೆನ್ನಿನಿಂದ ಹೊಡೆದುಹಾಕಿದರು. ಆಮೇಲೆ ಹೇಳಿದರು: ಮಾಸ್ಕ್ ತೆಗೆಯಬೇಡಿ. ಕೈ ತೊಳೆಯುತ್ತಿರಿ. ಕೆಮ್ಮುವವರಿಂದ ದೂರ ಇರಿ. ಅನ್ನ ಸಾರು ಬಿಸಿ ಇರುವಾಗ ಉಣ್ಣಿ, ಕೋಸಂಬರಿ ಮುಟ್ಟಬೇಡಿ, ನೀರು ಮನೆಯಿಂದ ಒಯ್ಯಿರಿ. ಮಾತ್ರೆಯ ಹೊತ್ತು ತಪ್ಪಿಸಬೇಡಿ. ಜ್ವರ ಬಂದರೆ ಕಷಾಯ ಕುಡಿದು ಮಲಗಬೇಡಿ, ನನಗೆ ಫೋನ್ ಮಾಡಿ. ಎರಡು ವಾರ ಬಿಟ್ಟು ಬಂದು ಮತ್ತೆ ರಕ್ತ ಕೊಡಿ. "ಭಯ ಇರಲಿ. ಆದ್ರೆ ಬಾಗಿಲು ಹಾಕ್ಕೊಂಡು ಕೂರೋಕೆ ಅಂತ ನಾವು ಇಷ್ಟೆಲ್ಲ ಮಾಡಿಲ್ಲ."

ಈ ಮಾತನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ಆಯ್ತು ಬಾ. ಬಂದು ನಾನು ಹೇಳ್ದಂಗೆ ಕೇಳು" ಅಂದಳು. ಮಾರನೇ ದಿನ ಒಂದು ಡಬ್ಬಿ ಕಳಿಸಿದಳು. ಒಳಗೆ ಅಗಲವಾದ ಕಪ್ಪು ಕನ್ನಡಕ. ಯಾಕೆ ಅಂದರೆ, ವಿಡಿಯೋದವರ ಲೈಟು ಬಹಳ ಜೋರಂತೆ, ನಿನ್ನ ಮಾತ್ರೆಗೆ ಆಗಿಬರಲ್ಲ ಅಂದಳು. ಲೈಟಿಗೂ ಮಾತ್ರೆಗೂ ಸಂಬಂಧವಿದೆ ಅಂತ ನನ್ನ ಪಟ್ಟಿಯಲ್ಲಿ ಇರಲಿಲ್ಲ. ತಕ್ಷಣ ಸೇರಿಸಿಕೊಂಡೆ.

ಛತ್ರ ಕೆಸರೆಯಿಂದ ಆಚೆ. ಬೆಳಿಗ್ಗೆ ಏಳೂವರೆಗೆ ಹೋಗಿ ಇಳಿದೆ. ಜರಿಪಂಚೆ, ಶಲ್ಯ, ಮಾಸ್ಕ್, ಕಪ್ಪು ಕನ್ನಡಕ, ಹೆಗಲಲ್ಲಿ ನೀರಿನ ಬಾಟಲು. ಹೆಂಡತಿ ಒಂದು ಸಲ ಮೇಲಿನಿಂದ ಕೆಳಗೆ ನೋಡಿ, "ಹೆಣ್ಣನ್ನ ಕರ್ಕೊಂಡು ಬರೋರ ಥರ ಇಲ್ಲ, ಎತ್ತಾಕ್ಕೊಂಡು ಹೋಗೋರ ಥರ ಇದೀರ" ಅಂದಳು.

ನಾನು ಯುದ್ಧಕ್ಕೆ ಸಿದ್ಧನಾಗಿದ್ದೆ. ತಬ್ಬಿಕೊಳ್ಳಲು ಬಂದರೆ ಹೇಗೆ ಹಿಂದೆ ಸರಿಯಬೇಕು, ಬಾಯಿಗೆ ಲಾಡು ಇಡಲು ಬಂದರೆ ಏನು ಹೇಳಬೇಕು, ಎಲ್ಲ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ಒಬ್ಬರೂ ಬರಲಿಲ್ಲ. ನಾನು ಒಂದು ಸಾಲಿನಲ್ಲಿ ಕೂತೆ. ಆ ಸಾಲು ಖಾಲಿಯಾಯಿತು. ಮುಂದಿನ ಸಾಲಿನವರು ಕುರ್ಚಿ ಎಳೆದುಕೊಂಡು ಮುಂದಕ್ಕೆ ಹೋದರು. ಬೀಗರು ದೂರದಿಂದಲೇ ಕೈಮುಗಿದು, ಮುಗಿಯುವಾಗ ನೆಲ ನೋಡಿದರು. ಕೆಮ್ಮುವ ಚಿಕ್ಕಪ್ಪನ ಮಗ ಸಹ ಕಂಬದ ಹಿಂದೆ ಹೋಗಿ ಕೆಮ್ಮಿದ. ಮೊದಲು ಖುಷಿಯಾಯಿತು. ಕಾಲು ಗಂಟೆ ಕಳೆದ ಮೇಲೆ ಅವಮಾನವಾಯಿತು. ಹನ್ನೊಂದು ತಿಂಗಳು ಜನ ಹತ್ತಿರ ಬಾರದಿರಲಿ ಅಂತ ಹರಕೆ ಹೊತ್ತವನಿಗೆ, ಬಾರದೆ ಹೋದರೆ ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ.

ಊರಿನಿಂದ ಬಂದ ದೊಡ್ಡಮ್ಮ ಒಬ್ಬರು ಇದ್ದರು. ಹೋದವರ ಬಂದವರ ಕೆನ್ನೆಯನ್ನೆಲ್ಲ ಹಿಡಿದು ಲಟಿಕೆ ಮುರಿಯುವ ಹೆಂಗಸು. ನನ್ನಿಂದ ಎರಡು ಮಾರು ದೂರದಲ್ಲಿ ನಿಂತು ಸೆರಗಿನಿಂದ ತಮ್ಮ ಕಣ್ಣು ಮುಚ್ಚಿಕೊಂಡರು.

"ಅಲ್ಲಿಂದ್ಲೇ ಮಾತಾಡು ಮಗ. ನನ್ನ ಕಡೆ ನೋಡ್ಬೇಡ."

"ಯಾಕೆ ದೊಡ್ಡಮ್ಮ?"

"ಮದ್ರಾಸ್ ಐ ಅಂತಲ್ಲಪ್ಪ ನಿಂಗೆ. ನಿಮ್ಮಕ್ಕ ಹೇಳದ್ಲು. ಎರಡೂ ಕಣ್ಣಿಗಂತೆ. ನನ್ಗೆ ನಾಳಿದ್ದು ಪೊರೆ ಆಪರೇಷನ್ ಐತೆ."

ನಾನು ನೇರವಾಗಿ, ಹೆಣ್ಣಿಗೆ ಸೀರೆ ಉಡಿಸುತ್ತಿದ್ದ ಕೋಣೆಯ ಬಾಗಿಲಿಗೆ ಹೋಗಿ ಅಕ್ಕನನ್ನು ಹೊರಗೆ ಕರೆದೆ.

"ಊರಿಗೆಲ್ಲ ನನಗೆ ಮದ್ರಾಸ್ ಐ ಅಂತ ಹೇಳಿದೀಯ?"

"ಹೂಂ."

"ನನಗೆ ಅಂಟುತ್ತೆ ಅಂತ ನಾನು ಹೆದರ್ತಿದ್ರೆ, ನನ್ನಿಂದ ಅಂಟುತ್ತೆ ಅಂತ ಅವ್ರು ಹೆದರ್ತಾವ್ರೆ."

"ಅದಕ್ಕೇ ಹೇಳಿದ್ದು. ಕಿಡ್ನಿ ಹಾಕ್ಸಿದೆ, ದೂರ ಇರಿ ಅಂತ ಹೇಳಿದ್ರೆ ಒಬ್ಬೊಬ್ರೂ ಬಂದು ತಬ್ಕೊಂಡು ಅತ್ತು, ಮಾಸ್ಕ್ ಎಳೆದು ಮುಖ ನೋಡೋರು. ನಮ್ಮೋರು ನಿನ್ನ ಜೀವಕ್ಕೆ ಹೆದರಲ್ಲ ಕಣೋ. ಅವರ ಕಣ್ಣಿಗೆ ಹೆದರ್ತಾರೆ. ನೋಡು, ಒಬ್ರಾದ್ರೂ ಸುಳಿದ್ರಾ?"

ಐವತ್ತು ಮುಟ್ಟುತ್ತಿರುವ ತಮ್ಮನನ್ನು ಇಷ್ಟು ಚೆನ್ನಾಗಿ, ಇಷ್ಟು ಸುಳ್ಳು ಹೇಳಿ ಕಾಪಾಡಿದವರು ಇನ್ನೊಬ್ಬರಿಲ್ಲ. ಆದರೂ ನನಗೆ ಹಟ ಬಂತು. ಒಂದು ವರ್ಷದಿಂದ ಯಾರು ಯಾರೋ ನನ್ನನ್ನು ಬಚ್ಚಿಡುತ್ತಲೇ ಇದ್ದಾರೆ, ಎಲ್ಲರಿಗಿಂತ ಮೊದಲು ನಾನೇ. ಕನ್ನಡಕ ತೆಗೆದು ಅವಳ ಕೈಗೆ ಕೊಟ್ಟೆ.

"ಮಾಸ್ಕ್ ಇರುತ್ತೆ, ಅದು ಡಾಕ್ಟರು ಹೇಳಿದ್ದು. ಇದು ನೀನು ಹೇಳಿದ್ದು. ಅವಳಿಗೆ ಮಾವನ ಕಣ್ಣಾದ್ರೂ ಕಾಣ್ಲಿ."

ಅಕ್ಕ ಕನ್ನಡಕವನ್ನು ನೋಡಿದಳು, ನನ್ನನ್ನು ನೋಡಿದಳು. "ಹೋಗು, ಕೈ ತೊಳ್ಕೊಂಡು ಬಾ" ಅಂದಳು.

ಓಲಗ ಎದ್ದಿತು. ಹುಡುಗಿ ಹೊರಗೆ ಬಂದಳು, ನಾನು ಕೈ ಹಿಡಿದೆ.

"ಮಾವ, ನಿಮ್ಮ ಕೈ ನಡುಗ್ತಾ ಇದೆ."

"ಮಾತ್ರೆಯಿಂದ ಕಣಮ್ಮ."

"ಸೈಕಲ್ ಸೀಟು ಹಿಡ್ಕೊಂಡಾಗ ಯಾವ ಮಾತ್ರೆ ತಗೊಂಡಿದ್ರಿ?"

ಬಾಗಿಲಿನಿಂದ ಮಂಟಪಕ್ಕೆ ಮೂವತ್ತು ಹೆಜ್ಜೆಯಿರಬಹುದು. ನಾವು ಹೊರಟದ್ದೇ ತಡ, ಬರಿಗಣ್ಣಿನ ನನ್ನನ್ನು ಕಂಡು ಜನ ಎರಡೂ ಕಡೆಗೆ ಸರಸರ ಸರಿದರು. ಕೆಲವರು ಚಾವಣಿ ನೋಡಿದರು, ಕೆಲವರು ತಮ್ಮ ಚಪ್ಪಲಿ ನೋಡಿದರು, ದೊಡ್ಡಮ್ಮ ಗೋಡೆಯ ಕಡೆ ತಿರುಗಿಯೇಬಿಟ್ಟರು. ಜಂಬೂಸವಾರಿಯಲ್ಲಿ ಆನೆಗೂ ನಮ್ಮ ಜನ ಅಷ್ಟು ದಾರಿ ಬಿಡುವುದಿಲ್ಲ. ನಾನು ಬೇಕೆಂದೇ ಒಬ್ಬೊಬ್ಬರನ್ನೂ ದಿಟ್ಟಿಸಿ ನೋಡುತ್ತಾ ನಡೆದೆ. ನನ್ನ ಜೀವಮಾನದಲ್ಲಿ ನನ್ನನ್ನು ನೋಡಿ ಒಬ್ಬರು ಹೆದರಿದ್ದು ಅದೇ ಮೊದಲು, ಅದೂ ಒಟ್ಟಿಗೆ ಎಂಟುನೂರು ಜನ. ಹುಡುಗಿ ನಗು ತಡೆಯಲಾರದೆ ನನ್ನ ಬೆರಳು ಅಮುಕಿದಳು. ಮಂಟಪದ ಮೆಟ್ಟಿಲಲ್ಲಿ ಅವಳ ಕೈ ಬಿಡುವಾಗ ಮಾಸ್ಕಿನ ಒಳಗೆ ಎಲ್ಲ ಒದ್ದೆ. ಒದ್ದೆ ಮಾಸ್ಕ್ ಕೆಲಸಕ್ಕೆ ಬರುವುದಿಲ್ಲ, ಬದಲಿಸಬೇಕು. ಜೇಬಿನಲ್ಲಿ ಆರು ಇದ್ದವು.

ಊಟಕ್ಕೆ ಅಡುಗೆಮನೆಯ ಪಕ್ಕದಲ್ಲೇ ಕೂತು, ಹಬೆಯಾಡುವ ಅನ್ನ ಸಾರು ಹಾಕಿಸಿಕೊಂಡು, ನಾಲಿಗೆ ಸುಟ್ಟುಕೊಂಡು ಉಂಡು ಮನೆಗೆ ಬಂದೆ.

ಆಮೇಲೆ ಎರಡು ವಾರ. ಧೈರ್ಯಕ್ಕೆ ಮದುವೆಯ ದಿನ ಒಂದು ಬೆಳಗು ಸಾಕಾಗಿತ್ತು, ಭಯಕ್ಕೆ ಹದಿನಾಲ್ಕು ದಿನವೂ ಸಾಲಲಿಲ್ಲ. ಜ್ವರ ನೋಡುವ ಕಡ್ಡಿ ಬಾಯಲ್ಲೇ ಇರುತ್ತಿತ್ತು. "ಬೀಡಿಯಾದ್ರೂ ಸೇದಿದ್ರೆ ಇಷ್ಟು ಹೊತ್ತು ಬಾಯಲ್ಲಿ ಇಟ್ಕೊಳ್ತಿರ್ಲಿಲ್ಲ" ಅಂದಳು ಹೆಂಡತಿ. ನಾಲ್ಕನೇ ದಿನದಿಂದ ಫೋನುಗಳು ಬಂದವು. ಚಿಕ್ಕಪ್ಪನ ಮಗ ಮಲಗಿದ್ದಾನೆ. ಬೀಗರ ಮನೆಯಲ್ಲಿ ಮೂರು ಜನಕ್ಕೆ ಜ್ವರ. ಅಡುಗೆಯವರಿಗೂ ಬಂದಿದೆ. ಏನಿಲ್ಲ, ವೈರಲ್ ಅಷ್ಟೆ. ಅಕ್ಕ ದಿನಕ್ಕೆ ಎರಡು ಸಲ ಫೋನು ಮಾಡಿ, ಹೇಗಿದ್ದೀಯ ಅಂತ ಒಮ್ಮೆಯೂ ಕೇಳದೆ, "ಉಚ್ಚೆ ಚೆನ್ನಾಗಿ ಹೋಗ್ತಾ ಇದೆಯಾ?" ಅಂತ ಮಾತ್ರ ಕೇಳಿ ಇಡುತ್ತಿದ್ದಳು. ಅವಳ ದನಿಯಲ್ಲಿ ಹೆದರಿಕೆಯನ್ನು ನಾನು ಮೊದಲು ಕೇಳಿದ್ದು ಆಗ. ಆಪರೇಷನ್ ಕೋಣೆಗೆ ಹೋಗುವಾಗಲೂ ಅದು ಇರಲಿಲ್ಲ.

ಹದಿನೈದನೇ ದಿನ ರಕ್ತ ಕೊಟ್ಟೆ. ಶುಕ್ರವಾರ ರಿಪೋರ್ಟು ಬಂತು. ಕಿಡ್ನಿ ಮದುವೆಗೆ ಮುಂಚೆ ಹೇಗಿತ್ತೋ ಹಾಗೇ ಕೆಲಸ ಮಾಡುತ್ತಿದೆ. ಸೈಟೊಮೆಗಲೊ ಇಲ್ಲ, ಬಿ.ಕೆ. ಇಲ್ಲ. ಅಕ್ಕನಿಗೆ ಓದಿ ಹೇಳಿದೆ. ಅವಳು ಫೋನು ಹಿಡಿದುಕೊಂಡೇ ಪಕ್ಕದಲ್ಲಿ ಯಾರಿಗೋ, "ಭಾನುವಾರ ಬೀಗರ ಊಟ ಇಟ್ಕೊಳ್ಳಣ ಅನ್ನು. ಇನ್ನೂ ಎಷ್ಟು ದಿನ ಮುಂದಕ್ಕೆ ಹಾಕೋದು" ಅಂದಳು. ಮದುವೆಯಾದ ವಾರದೊಳಗೆ ಆಗಬೇಕಾದ ಮಟನ್ ಊಟವನ್ನು ಅವಳು ಬೀಗರಿಗೆ ಏನೇನೋ ನೆಪ ಹೇಳಿ ನನ್ನ ರಿಪೋರ್ಟಿಗಾಗಿ ತಡೆದಿಟ್ಟಿದ್ದಳು ಅಂತ ಆಗ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಹಲ್ಲುಜ್ಜುವಾಗ ಮೇಲ್ದುಟಿಯ ಎಡಗಡೆ ಚುರುಕ್ ಅಂದಿತು. ಕನ್ನಡಿಯಲ್ಲಿ ನೋಡಿದರೆ ಗುಳ್ಳೆ. ರಾಗಿ ಕಾಳಿನಂಥ ನಾಲ್ಕು ಗುಳ್ಳೆ ಸೇರಿ ಒಂದಾಗಿತ್ತು. ಫೋಟೋ ತೆಗೆದು ಡಾಕ್ಟರಮ್ಮನಿಗೆ ಕಳಿಸಿದೆ. ಅವರೇ ಫೋನು ಮಾಡಿದರು. ಇದೂ ವೈರಸ್ಸೇ, ಆದರೆ ಮದುವೆ ಮನೆಯ ಯಾರಿಂದಲೂ ಬಂದದ್ದಲ್ಲ, ಚಿಕ್ಕಂದಿನಿಂದ ನಿಮ್ಮ ಮುಖದಲ್ಲೇ ಮನೆ ಮಾಡಿಕೊಂಡಿದ್ದು ಅಂದರು. ಮಾತ್ರೆ ಬರೆದು ಕಳಿಸಿದರು. ಗುಳ್ಳೆ ಮುಟ್ಟಬೇಡಿ, ಹರಡಿದರೆ ಅಥವಾ ಜ್ವರ ಬಂದರೆ ತಕ್ಷಣ ಬನ್ನಿ, ನಿಮ್ಮ ಲೋಟ ಬೇರೆ ಇಡಿ. ಊಟಕ್ಕೆ ಹೋಗಬಹುದಾ ಅಂತ ಕೇಳಿದೆ. "ಖಾರ ಉರಿಯುತ್ತೆ" ಅಂದರು, ಅಷ್ಟೆ.

ಮೊದಲ ಮಾತ್ರೆ ನುಂಗಿ, ನನ್ನದೇ ಲೋಟ ಹಿಡಿದು ಅಕ್ಕನ ಮನೆಗೆ, ನಜರ್‌ಬಾದಿಗೆ ಹೋದೆ. ಅಕ್ಕ ಎರಡು ಮಾರು ದೂರದಿಂದ ನನ್ನ ತುಟಿಯನ್ನು ಪರೀಕ್ಷಿಸಿ, "ಜೇಡ ಉಚ್ಚೆ ಉಯ್ದದೆ ಕಣೋ" ಅಂತ ತೀರ್ಮಾನ ಕೊಟ್ಟು, ತಾನೇ ಬಡಿಸಿದಳು. ಮಟನ್ ಸಾರು ಗುಳ್ಳೆಗೆ ತಾಗಿದ ಕೂಡಲೇ ಕಣ್ಣಲ್ಲಿ ನೀರು ಬಂತು. ತಟ್ಟೆ ಮುಂದಕ್ಕೆ ಚಾಚಿ, ಇನ್ನೊಂದು ಸೌಟು ಹಾಕು ಅಂದೆ.